ಗುರ್ ಅನ್ನುವ ನಾಯಿಯನ್ನೇ ತನ್ನಿ ಅಂದವರು

ಅವರ ಎಡಗೈ ಮಣಿಕಟ್ಟಿನ ಸ್ವಲ್ಪ ಮೇಲೆ ಒಡೆದ ಬಳೆಯ ತುಂಡಿನಂಥ ಒಂದು ಕಲೆ ಇತ್ತು. ಹತ್ತಿರದಿಂದ ನೋಡಿದರೆ ಹಲ್ಲು ಎಣಿಸಬಹುದು. ಇಪ್ಪತ್ತು ವರ್ಷ ನಾಯಿ ಕಡಿದವರಿಗೇ ಸೂಜಿ ಹಾಕಿದ ನರ್ಸಿನ ಕೈಮೇಲೆ ಹಲ್ಲಿನ ಗುರುತು ಕಂಡರೆ ಯಾರಾದರೂ ನಾಯಿಯದೇ ಅಂದುಕೊಳ್ಳುತ್ತಾರೆ. ಅಲ್ಲ. ಅದು ನನ್ನ ಮಗಳದು. ಮೊದಲ ದಿನ, ಮೊದಲ ಸೂಜಿಗೆ, ಆರು ವರ್ಷದ ಹುಡುಗಿ ಸಿಕ್ಕ ಕೈಯನ್ನು ಕಚ್ಚಿ ಹಿಡಿದಳು. ಅವರು ಕೈ ಎಳೆದುಕೊಳ್ಳಲಿಲ್ಲ. ಸೂಜಿ ಪೂರ್ತಿ ಹಾಕಿ, ಹತ್ತಿ ಒತ್ತಿ, ಆಮೇಲೆ ಕೇಳಿದರು. "ಆಯ್ತಾ ತಂಗಿ? ಬಿಡ್ತ್ಯಾ ಈಗ?"

ಕಾರವಾರದ ಆಸ್ಪತ್ರೆಯಲ್ಲಿ ಎಲ್ಲರೂ ಅವರನ್ನು ಸಿಸ್ಟರಕ್ಕ ಅನ್ನುತ್ತಿದ್ದರು. ನಾನು ಶಾಲೆಯಲ್ಲಿ ಪಾಠ ಹೇಳುವವಳಾದ್ದರಿಂದ ಅವರಿಗೆ ನಾನು ಅಕ್ಕೋರು. ಕಿನ್ನರ ಊರಿನ ತಮ್ಮ ಅಣ್ಣನ ಮನೆಯಿಂದ ಅವರು ದಿನಾ ಬಸ್ಸಿಗೆ ಬರುತ್ತಿದ್ದರು. ನಮ್ಮ ಕದ್ವಾಡದಲ್ಲಿ ನಾನು ಅದೇ ಬಸ್ಸು ಹತ್ತುತ್ತಿದ್ದೆ. ಇಸ್ತ್ರಿ ಮಾಡಿದ ಬಿಳಿ ಸೀರೆ, ತಲೆಯಲ್ಲಿ ಅಬ್ಬಲಿಗೆ, ಕಂಕುಳಲ್ಲಿ ಕೊಡೆ. ಕೊಡೆ ಮಳೆಗಷ್ಟೇ ಅಲ್ಲ. ಹಲ್ಲು ಕಿರಿಯುವ ನಾಯಿಯ ಎದುರು ಕೈಕಟ್ಟಿ ನಿಲ್ಲುವ ಈ ಹೆಂಗಸಿಗೆ ಎಮ್ಮೆ ಕಂಡರೆ ಜೀವ ಹೋಗುತ್ತಿತ್ತು. ರಸ್ತೆಯಲ್ಲಿ ಎಮ್ಮೆ ಬಂದರೆ ಕೊಡೆ ಬಿಚ್ಚಿ ಅದರ ಹಿಂದೆ ಅಡಗಿ ನಿಲ್ಲುತ್ತಿದ್ದರು. ನಾವು ನಕ್ಕರೆ ಸಿಟ್ಟು ಬೇರೆ. ಮಾತು ಬಿರುಸು. ಡಾಕ್ಟರಿಗೂ ಬಿಡುತ್ತಿರಲಿಲ್ಲ, ದೊಡ್ಡ ಮನೆಯವರಿಗೂ ಬಿಡುತ್ತಿರಲಿಲ್ಲ. ಅವರನ್ನು ದೇವತೆ ಅಂತ ಬರೆದರೆ ಮೇಲಿಂದಲೇ ನನ್ನನ್ನು ಬೈದಾರು.

2003ರಲ್ಲಿ ಇರಬೇಕು, ಅಂಕೋಲೆಯ ಬೊಬ್ರುವಾಡದಲ್ಲಿ ನನ್ನ ಗಂಡನ ಅಕ್ಕನ ಮನೆಯಲ್ಲಿ ಸತ್ಯನಾರಾಯಣ ಪೂಜೆ. ನನಗೆ ಅತ್ತಿಗೆ, ಮಗಳಿಗೆ ಸೋದರತ್ತೆ. ಆ ಮನೆಯಲ್ಲಿ ಮಡಗಾಂವಿಂದ ತಂದ ಬಿಳಿ ಪೊಮೇರಿಯನ್ ನಾಯಿ ಒಂದಿತ್ತು, ಕುತ್ತಿಗೆಗೆ ಗೆಜ್ಜೆ ಕಟ್ಟಿಕೊಂಡು ಎಲ್ಲರ ತೊಡೆ ಮೇಲೆ ಕೂರುವುದು. ಊಟ ಆಗಿ ಮಗಳು ಮಂಚದ ಮೇಲೆ ಕಾಲು ಇಳಿಬಿಟ್ಟು ಕೂತಿದ್ದಳು. ಮಂಚದಡಿ ನಾಯಿ ಚಕ್ಕುಲಿ ತಿನ್ನುತ್ತಿತ್ತಂತೆ. ಸದ್ದಿಲ್ಲ ಸುದ್ದಿಯಿಲ್ಲ, ಮೀನಖಂಡಕ್ಕೆ ಬಾಯಿ ಹಾಕಿತು.

ರಕ್ತ ತೊಳೆಯುತ್ತಿರುವಾಗಲೇ ಅತ್ತಿಗೆ ನನ್ನ ಮಗಳ ಭುಜ ಹಿಡಿದುಕೊಂಡರು. "ಆಸ್ಪತ್ರೆಯಲ್ಲಿ ಅತ್ತೆ ಮನೆ ನಾಯಿ ಅಂತ ಹೇಳ್ಬಾರ್ದು ಹಾಂ. ದಾರಿ ನಾಯಿ ಅಂತ ಹೇಳ್ಬೇಕು. ಇಲ್ಲದಿದ್ರೆ ಪೊಲೀಸರು ಬಂದು ಇದನ್ನ ಕೊಲ್ತಾರೆ." ನನ್ನ ಗಂಡ ಅಲ್ಲೇ ಇದ್ದರು. ನಾನೂ ಅಲ್ಲೇ ಇದ್ದೆ. ಅಕ್ಕನ ಮನೆ, ಪೂಜೆ ದಿನ, ನಾಲ್ಕು ಜನ ನೆಂಟರು. ನಮ್ಮ ಕಡೆ ಹೀಗೇ ನಡೆಯುತ್ತದೆ. ಮನೆಯ ಮಾನ ಉಳಿಯಬೇಕಾದರೆ ತಪ್ಪು ಬೀದಿಯಲ್ಲಿ ಮಲಗಿದ ಯಾವುದೋ ನಾಯಿಯ ತಲೆಗೆ. ಅದು ಬಂದು ಇಲ್ಲ ಅನ್ನುವುದಿಲ್ಲವಲ್ಲ.

ಹಾಗೆ ನಾನು, ಸುಳ್ಳು ಹೇಳಬಾರದು ಅಂತ ಬೋರ್ಡಿನ ಮೇಲೆ ದುಂಡಗೆ ಬರೆಯುವವಳು, ಸಿಸ್ಟರಕ್ಕನ ಮುಖ ನೋಡಿ "ಬೀದಿ ನಾಯಿ" ಅಂದೆ. ಅವರು ರಿಜಿಸ್ಟರಿನಲ್ಲಿ ಹಾಗೇ ಬರೆದುಕೊಂಡರು. ಆಗಿನ್ನೂ ಹೊಕ್ಕುಳ ಸುತ್ತ ದಿನಕ್ಕೊಂದರಂತೆ ಹದಿನಾಲ್ಕು ಸೂಜಿ. ಮಗುವಿನ ಹೊಟ್ಟೆ ಎಂದರೆ ಎಷ್ಟು ಜಾಗ ಇರುತ್ತದೆ, ಹೇಳಿ.

ಐದನೆಯ ದಿನ ಸಿಸ್ಟರಕ್ಕ ನನ್ನನ್ನು ಹೊರಗೆ ಕಳಿಸಿದರು. "ನೀವು ಬಾಗಿಲ ಹೊರಗೆ ನಿಲ್ಲಿ ಅಕ್ಕೋರೆ. ನಿಮ್ಮ ಮುಖ ನೋಡಿಯೇ ಇವಳು ಅಳೂದು." ಐದು ನಿಮಿಷ ಕಳೆದು ಅವರೇ ಹೊರಬಂದರು. ಬಾಗಿಲು ಎಳೆದುಕೊಂಡು, ಮೆಲ್ಲಗೆ ಕೇಳಿದರು.

"ಅಕ್ಕೋರೆ, ಬೀದಿ ನಾಯಿಗೆ ಗೆಜ್ಜೆ ಕಟ್ಟಿದವರು ಯಾರು?"

ಅವರು ಮಗುವಿಗೆ ಯಾರ ನಾಯಿ ಅಂತ ಕೇಳಿರಲಿಲ್ಲ. ಬಣ್ಣ ಯಾವುದು ಅಂತ ಕೇಳಿದ್ದರು, ಅಷ್ಟೇ. ಬಿಳಿ, ಗೆಜ್ಜೆ ಇದೆ, ಹೇಳಿದರೆ ಅದನ್ನ ಕೊಲ್ತಾರೆ ಅಂದಳಂತೆ. ಕಡಿದ ನಾಯಿಯ ಜೀವ ಉಳಿಸುವುದಕ್ಕೆ ಆ ಕೂಸು ಐದು ದಿನ ಬಾಯಿ ಕಟ್ಟಿಕೊಂಡಿತ್ತು. ನಾನು ಬಾಯಿ ಕಟ್ಟಿಕೊಂಡದ್ದು ಅತ್ತಿಗೆಗಾಗಿ.

ಅವರು ರಿಜಿಸ್ಟರು ತಂದು ಬೆಂಚಿನ ಮೇಲೆ ಬಿಡಿಸಿದರು. ಪುಟದ ಮೇಲೆ ಪುಟ, ಪೆನ್ನಿನಲ್ಲಿ ಬೀದಿ ನಾಯಿ, ಬೀದಿ ನಾಯಿ, ಬೀದಿ ನಾಯಿ. ಪಕ್ಕದಲ್ಲಿ ಎಷ್ಟೋ ಕಡೆ ಪೆನ್ಸಿಲಿನಲ್ಲಿ ಸಣ್ಣದಾಗಿ 'ಸಾ' ಅಂತ ಬರೆದಿತ್ತು. ಸಾಕಿದ್ದು ಅಂತ. "ಪೆನ್ನು ದೊಡ್ಡವರದು, ಪೆನ್ಸಿಲು ಮಕ್ಕಳದು," ಅಂದರು. "ಮೊದಲ ದಿನ ಮಕ್ಕಳೂ ನಿಮ್ಮ ಮಾತೇ ಹೇಳ್ತಾವೆ. ನಾಲ್ಕೈದು ಸೂಜಿ ಆದ ಮೇಲೆ ನಾನು ಅವ್ರ ಕಡೆಯವಳು ಆಗ್ತೇನೆ. ಆಗ ಹೇಳ್ತಾವೆ." ಆಮೇಲೆ ನನ್ನ ಕಡೆ ತಿರುಗಿದರು. "ಸಾಕಿದ ನಾಯಿ ಹತ್ತು ದಿನ ಗಟ್ಟಿಮುಟ್ಟಾಗಿ ಇದ್ರೆ ಡಾಕ್ಟರು ಉಳಿದ ಸೂಜಿ ನಿಲ್ಲಿಸ್ತಾರೆ. ಬೀದಿ ನಾಯಿಯನ್ನ ಎಲ್ಲಿ ಹುಡುಕೂದು? ಹದಿನಾಲ್ಕೂ ಹಾಕೂದೇ. ನಿಮ್ಮ ಅತ್ತಿಗೆ ಮರ್ಯಾದೆಗೆ ಈ ಹೊಟ್ಟೆ ಮೇಲೆ ನಾಲ್ಕು ಹೆಚ್ಚು. ಆಗಬಹುದಾ?"

ಆಗಬಾರದು ಅಂದೆ. ನನ್ನ ಜೀವನದಲ್ಲಿ ಮೊದಲ ಸಲ ಗಂಡನ ಮನೆಯವರ ಮಾತು ಮೀರಿ ನಿಜ ಹೇಳಿದೆ. ಹೇಳಿ ಸತ್ತುಹೋಗಲಿಲ್ಲ, ನೋಡಿ.

ಹತ್ತನೆಯ ದಿನ ಸಿಸ್ಟರಕ್ಕನಿಗೆ ವಾರದ ರಜೆ. ಯಾರೂ ಹೇಳದೆ, ತಾವೇ ಬಸ್ಸು ಹತ್ತಿ ಬೊಬ್ರುವಾಡಕ್ಕೆ ಹೋಗಿ ಬಂದರು. ಅತ್ತಿಗೆ ಮೊದಲು ನಮ್ಮ ನಾಯಿ ಇರುವೆಗೂ ಕಡಿಯುವುದಿಲ್ಲ ಅಂದರಂತೆ. ಇವರು ಚಾ ಕುಡಿದು, ಇನ್ನೊಂದು ಲೋಟ ಕೇಳಿ ಕುಡಿದು, ನಾಯಿ ತಿನ್ನುವುದು, ನೀರು ಕುಡಿಯುವುದು, ಓಡುವುದು ಎಲ್ಲ ನೋಡಿಯೇ ಎದ್ದರು. ಮಗಳಿಗೆ ಸೂಜಿ ಹತ್ತಕ್ಕೆ ನಿಂತಿತು. ಅತ್ತಿಗೆ ನಮ್ಮ ಮನೆಗೆ ಫೋನ್ ಮಾಡುವುದು ನಿಲ್ಲಿಸಿದರು. ಎರಡೂ ಒಂದೇ ದಿನ.

ಸೂಜಿ ನಿಂತರೂ ಹೆದರಿಕೆ ನಿಲ್ಲಲಿಲ್ಲ. ನಮ್ಮ ಮನೆಯಿಂದ ಮಗಳ ಶಾಲೆಗೆ ಹತ್ತು ನಿಮಿಷದ ದಾರಿ. ಆ ದಾರಿಯಲ್ಲಿ ಐದಾರು ನಾಯಿ. ಅವಳು ಹೊಸಿಲು ದಾಟಲೇ ಒಲ್ಲಳು. ಎರಡು ತಿಂಗಳು ಆರು ವರ್ಷದ ಹುಡುಗಿಯನ್ನು ಸೊಂಟದ ಮೇಲೆ ಹೊತ್ತು ಶಾಲೆಗೆ ಬಿಟ್ಟೆ. ನಾಯಿ ದೂರದಲ್ಲಿ ಬೊಗಳಿದರೂ ಇವಳ ಉಗುರು ನನ್ನ ಕುತ್ತಿಗೆಗೆ. ಆಮೇಲಾಮೇಲೆ ಶಾಲೆಯೇ ಬೇಡ ಅಂದಳು. ಹಿತ್ತಲಿಗೂ ಹೋಗುತ್ತಿರಲಿಲ್ಲ. ಕಿಟಕಿ ಹತ್ತಿರ ಕೂತು ಬೇರೆ ಮಕ್ಕಳು ಆಡುವುದನ್ನು ನೋಡುತ್ತಿದ್ದಳು. ಈ ಮಗು ಹೀಗೇ ಒಳಗೇ ಉಳಿದುಬಿಟ್ಟರೆ ಅಂತ ನನಗೆ ಅನ್ನ ಇಳಿಯುತ್ತಿರಲಿಲ್ಲ.

ಮನೆಯಲ್ಲೇ ಒಂದು ನಾಯಿ ಇದ್ದರೆ ರೂಢಿಯಾದೀತು ಅಂತ ನನ್ನ ಗಂಡನಿಗೆ ಹೊಳೆಯಿತು. ಅವರ ಕಚೇರಿಯಲ್ಲಿ ಹತ್ತು ಜನ ಹತ್ತು ಜಾತಿಯ ನಾಯಿ ಹೇಳಿದರು. ಅಲ್ಸೇಶಿಯನ್ ತನ್ನಿ, ಮಕ್ಕಳಿಗೆ ಕಾವಲು ಅಂದರು ಒಬ್ಬರು. ಡಾಬರ್‌ಮನ್ ತನ್ನಿ, ಕಳ್ಳರು ಹತ್ತಿರ ಬರುವುದಿಲ್ಲ. ಲ್ಯಾಬ್ರಡಾರ್ ಆದರೆ ಕಡಿಯುವುದೇ ಇಲ್ಲ. ಟಿವಿ ಜಾಹೀರಾತಿನಲ್ಲಿ ಬರುವ ಸುಕ್ಕುಮೂತಿಯ ನಾಯಿ ಸಿಕ್ಕರೆ ನಮಗೂ ಹೇಳಿ ಅಂದವರೂ ಇದ್ದರು. ನಾನು ಪಟ್ಟಿಯನ್ನು ಬಸ್ಸಿನಲ್ಲಿ ಸಿಸ್ಟರಕ್ಕನ ಮುಂದಿಟ್ಟೆ.

ಅವರು ಪಟ್ಟಿ ನೋಡಲೇ ಇಲ್ಲ. "ಹಗಲು ಮನೇಲಿ ಯಾರಿರ್ತಾರೆ? ಅನ್ನ ಹಾಕೂದು ಯಾರು? ಕಟ್ಟಿ ಹಾಕ್ತೀರಾ? ಎಲ್ಲಿ ಮಲಗೂದು ಅದು?" ಅಂತ ನನ್ನನ್ನೇ ಕೇಳಿದರು. ಕಟ್ಟಿ ಹಾಕಿ ಇಬ್ಬರೂ ಕೆಲಸಕ್ಕೆ ಹೋಗುವುದಾದರೆ ನಾಯಿಯ ಮಾತೇ ಬೇಡ, ಕಲ್ಲಿನ ನಾಯಿ ತಂದು ಗೇಟಿನ ಮೇಲೆ ಕೂರಿಸಿ ಅಂದರು. ಮಧ್ಯಾಹ್ನದವರೆಗೆ ನನ್ನ ಅವ್ವ ಇರುತ್ತಾಳೆ, ಅಂಗಳಕ್ಕೆ ಬೇಲಿ ಇದೆ, ಬಿಟ್ಟೇ ಇರುತ್ತೇವೆ ಅಂದ ಮೇಲೆ ಮುಖ ಸ್ವಲ್ಪ ಸಡಿಲವಾಯಿತು.

"ಅಲ್ಸೇಶಿಯನ್ ಅಂತೀರಿ. ಈ ಸೆಖೆಯಲ್ಲಿ ಕಂಬಳಿ ಹೊದ್ಕೊಂಡು ಅಂಗಳದಲ್ಲಿ ನಿಲ್ಲಿ ಅಂದ್ರೆ ನೀವು ನಿಲ್ತೀರಾ? ಅದಕ್ಕೂ ತಲೆ ಕೆಡ್ತದೆ. ಡಾಬರ್‌ಮನ್ನು ಓಡೂಕೆ ಹುಟ್ಟಿದ್ದು. ನಿಮ್ಮ ಮನೆಯಲ್ಲಿ ಎಲ್ಲಿ ಓಡೂದು, ತುಳಸಿಕಟ್ಟೆ ಸುತ್ತಾ?"

"ಲ್ಯಾಬ್ರಡಾರು?"

"ಅದು ಒಳ್ಳೇದೇ, ಸುಳ್ಳು ಯಾಕೆ ಹೇಳ್ಲಿ. ಆದ್ರೆ ಎರಡು ವರ್ಷ ಅದು ಮರಿಯೇ. ಪ್ರೀತಿಗೆ ಹಾರ್ತದೆ, ನಿಮ್ಮ ಮಗಳನ್ನ ಕೆಡವ್ತದೆ. ಕೆಡವಿದ್ರೆ ಮುಗೀತು, ಇವಳ ಲೆಕ್ಕದಲ್ಲಿ ಅದೂ ಕಡಿದ ಹಾಗೇ. ಯಾವ ಜಾತಿದೂ ಇರ್ಲಿ, ಇವಳಿಗೆ ಮರಿ ಬೇಡ. ಮನೇಲಿ ಒಂದು ಮಗು ಸಾಕು. ಹೆತ್ತು, ಮರಿ ಸಾಕಿ, ಮುಗಿಸಿದ ನಾಯಿ ಬೇಕು."

"ಹೆಣ್ಣು ನಾಯಿಯಾ?"

"ಗಂಡು ಹೆರ್ತದಾ ಅಕ್ಕೋರೆ?"

ಬಸ್ಸಿನ ಅರ್ಧ ಜನ ನಕ್ಕರು. ನಮ್ಮ ಊರುಗಳಲ್ಲಿ ಹೆಣ್ಣು ಮರಿಯನ್ನು ಯಾರೂ ಇಟ್ಟುಕೊಳ್ಳುವುದಿಲ್ಲ. ಕಣ್ಣು ಬಿಡುವ ಮೊದಲೇ ಚೀಲದಲ್ಲಿ ಹಾಕಿ ಮೀನು ಪೇಟೆಯ ಹತ್ತಿರವೋ ಕಡಲ ದಂಡೆಯಲ್ಲೋ ಬಿಟ್ಟು ಬರುತ್ತಾರೆ. ಹಾಗಾಗಿ ಬಂದರದಲ್ಲಿ ಹೆಣ್ಣು ನಾಯಿಗಳೇ ಹೆಚ್ಚು. ಭಾನುವಾರ ಬೆಳಿಗ್ಗೆ ಸಿಸ್ಟರಕ್ಕ ನನ್ನನ್ನು ಅಲ್ಲಿಗೇ ಕರೆದುಕೊಂಡು ಹೋದರು.

ಬೋಟುಗಳು ಬಂದು ಮೀನು ಇಳಿಸಿ ಆಗಿತ್ತು. ಅವರು ಒಬ್ಬ ಮೀನುಗಾರ್ತಿಯ ಹತ್ತಿರ ನಾಲ್ಕು ಬಂಗಡೆ ತೆಗೆದುಕೊಂಡು, ತಲೆ ಕತ್ತರಿಸಿ, ಸುತ್ತ ಸೇರಿದ ನಾಯಿಗಳಿಗೆ ಒಂದೊಂದೇ ಹಾಕಿದರು. ಹಾಕಿ, ತಿನ್ನುವಾಗ ಹತ್ತಿರ ಕೈ ಒಯ್ಯುವುದು. ಮುಟ್ಟುವುದಿಲ್ಲ, ಒಂದು ಮೊಳ ದೂರದವರೆಗೆ, ಅಷ್ಟೇ. ಒಂದು ಕರಿ ನಾಯಿ ಬಾಲ ಬೀಸಿ, ನೆಲಕ್ಕೆ ಬಿದ್ದು ಹೊರಳಿ, ನನ್ನ ಕಾಲು ನೆಕ್ಕಿತು. ನನಗೆ ಅದೇ ಸೇರಿತು. ಸಿಸ್ಟರಕ್ಕ ತಲೆ ಆಡಿಸಿದರು. "ಹೆದರಿದ ನಾಯಿ ಅದು. ಇವತ್ತು ಹೊರಳ್ತದೆ, ಮೂಲೆಗೆ ಸಿಕ್ಕಿದ ದಿನ ಕಡೀತದೆ." ಇನ್ನೊಂದು ಬೂದಿ ಬಣ್ಣದ್ದು ತಿನ್ನುವುದು ನಿಲ್ಲಿಸಿ ಕಲ್ಲಿನ ಹಾಗೆ ನಿಂತಿತು, ಕಣ್ಣು ಮಾತ್ರ ಓರೆ. ಎಷ್ಟು ಶಾಂತ ಅಂದುಕೊಂಡೆ. ಅವರು ಕೈ ತಟ್ಟನೆ ಹಿಂದಕ್ಕೆ ತೆಗೆದರು. "ಇದು ಬೇಡವೇ ಬೇಡ."

ಮೂರನೆಯದು ಕಂದು ಬಣ್ಣದ್ದು. ಮೊಲೆ ಜೋತುಬಿದ್ದಿತ್ತು, ಒಂದು ಕಿವಿಯ ತುದಿ ಇರಲಿಲ್ಲ. ನಾಯಿ ಅಂದರೆ ನಾಯಿ, ಇನ್ನೇನೂ ಹೇಳುವಂತಿಲ್ಲ. ಕೈ ಹತ್ತಿರ ಬರುತ್ತಲೂ ಗುರ್ ಅಂತು. ಸಿಸ್ಟರಕ್ಕ ಕೈ ಹಿಂದೆ ತೆಗೆದರು. ಅದು ಸುಮ್ಮನಾಗಿ ತಿಂದಿತು. ಮತ್ತೆ ಕೈ, ಮತ್ತೆ ಗುರ್. ಕೈ ಹಿಂದೆ, ಗುರ್ ನಿಂತಿತು. ಮೂರು ಸಲ ಹಾಗೇ. ಮೀನು ಮುಗಿದ ಮೇಲೆ ಅದೇ ಎದ್ದು ಬಂದು ಅವರ ಕೈ ಮೂಸಿ, ಹೋಗಿ ಬಲೆಯ ಮೇಲೆ ಮಲಗಿತು.

"ಇದೇ," ಅಂದರು ಸಿಸ್ಟರಕ್ಕ.

ನನಗೆ ಮೈ ಉರಿಯಿತು. "ಎಂತ ತಮಾಷೆ ಇದು? ನಾಯಿ ಕಂಡ್ರೆ ಉಚ್ಚೆ ಹೊಯ್ಕೊಳ್ಳೂ ಮಗು ನಮ್ಮನೇಲಿದೆ. ನೀವು ಗುರ್ ಅನ್ನೂ ನಾಯಿ ಆರಿಸ್ತೀರಿ."

ಅವರು ಮೀನಿನ ಕೈಯನ್ನು ಸಮುದ್ರದ ನೀರಿನಲ್ಲಿ ತೊಳೆದುಕೊಳ್ಳುತ್ತ ಹೇಳಿದ ಮಾತನ್ನು ನಾನು ಅಲ್ಲಿಂದ ಇಲ್ಲಿಯವರೆಗೆ ಎಷ್ಟು ಜನರಿಗೆ ಹೇಳಿದ್ದೇನೋ. "ಕಡಿಯದ ನಾಯಿ ಅಂತ ಇಲ್ಲ ಅಕ್ಕೋರೆ. ಕಡಿಯೂ ಮೊದ್ಲು ಹೇಳೂ ನಾಯಿ ಇದೆ, ಹೇಳದೆ ಕಡಿಯೂ ನಾಯಿ ಇದೆ. ಮಕ್ಕಳಿರೂ ಮನೆಗೆ ಹೇಳೂ ನಾಯಿ ಬೇಕು. ನಿಮ್ಮ ಅತ್ತಿಗೆ ಮನೆಗೆ ಹೋದಾಗ ನಾನು ಕೇಳಿ ಬಂದೆ. ಮುದ್ದಿನ ನಾಯಿ ಗುರ್ ಅನ್ನಬಾರ್ದು ಅಂತ ಪೇಪರ್ ಸುತ್ತಿ ಮೂತಿಗೆ ಹೊಡೆದೂ ಹೊಡೆದೂ ಬಿಡಿಸಿದ್ರಂತೆ. ಅದು ಹೇಳೂದು ಬಿಡ್ತು. ಕಡಿಯೂದು ಬಿಡ್ಲಿಲ್ಲ."

ಪಶು ಆಸ್ಪತ್ರೆಯಲ್ಲಿ ಸೂಜಿ ಹಾಕಿಸಿ, ಮತ್ತೆ ಮರಿಯಾಗದಂತೆ ಆಪರೇಷನ್ ಮಾಡಿಸಿ, ಗಾಯ ಮಾಗುವವರೆಗೆ ಆ ಮೀನುಗಾರ್ತಿಯ ಮನೆಯಲ್ಲೇ ಬಿಟ್ಟು, ಆಮೇಲೆ ರಿಕ್ಷಾದಲ್ಲಿ ಮನೆಗೆ ತಂದೆವು. ಕೇರಿಯವರು ಬೇಲಿಗೆ ಬಂದು ನಿಂತು ನೋಡಿದರು. ಜಾತಿ ಯಾವುದು ಅಂತ ಒಬ್ಬರು ಕೇಳಿದರು. "ಕಾರವಾರದ್ದು," ಅಂದೆ. ಸುದ್ದಿ ಬೊಬ್ರುವಾಡಕ್ಕೂ ಮುಟ್ಟಿತು. ಬೀದಿ ನಾಯಿ ಇರುವ ಮನೆಗೆ ಕಾಲಿಡುವುದಿಲ್ಲ ಅಂತ ಅತ್ತಿಗೆ ಹೇಳಿ ಕಳಿಸಿದರು. ಇಡಬೇಡಿ ಅಂತ ನಾನೂ ಹೇಳಿ ಕಳಿಸಿದೆ. ನನ್ನ ಗಂಡ ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ. ನಾಯಿಗೆ ಮೀನು ತಂದು ಹಾಕಿದವರು ಮಾತ್ರ ಅವರೇ.

ಮಗುವನ್ನು ನಾಯಿಯ ಹತ್ತಿರ ಒಯ್ಯಬಾರದು, ಮುಟ್ಟು ಅನ್ನಬಾರದು, ಹೆದರಬೇಡ ಅಂತಂತೂ ಅನ್ನಲೇಬಾರದು ಅಂತ ಸಿಸ್ಟರಕ್ಕನ ಕಟ್ಟಪ್ಪಣೆ. "ಹೆದರ್ಲಿ. ಹೆದರೂದು ಅವಳಿಗೆ ಬಿಟ್ಟದ್ದು." ಹಾಗೇ ಬಿಟ್ಟೆವು. ವಾರಗಟ್ಟಲೆ ಮಗಳು ಕಿಟಕಿಯ ಒಳಗೆ, ನಾಯಿ ಅಂಗಳದಲ್ಲಿ. ಅವಳೇ ಅದಕ್ಕೆ ಬಂಗಡೆ ಅಂತ ಹೆಸರಿಟ್ಟಳು. ಕಿಟಕಿಯಿಂದ ದೋಸೆ ಎಸೆದಳು. ಒಂದು ದಿನ ಮೆಟ್ಟಿಲ ಮೇಲೆ ಕೂತಳು.

ಆಮೇಲೊಂದು ಬೆಳಿಗ್ಗೆ ಬಂಗಡೆ ಉಣ್ಣುವಾಗ ಇವಳು ಚಪ್ಪಲಿ ಹುಡುಕುತ್ತ ತಟ್ಟೆಯ ಹತ್ತಿರ ಹೋಗಿಬಿಟ್ಟಳು. ಗುರ್ ಅಂತ ಸದ್ದು. ನಾನು ಓಡುವಷ್ಟರಲ್ಲಿ ಇವಳು ಒಂದು ಹೆಜ್ಜೆ ಹಿಂದೆ ಬಂದಿದ್ದಳು. ಗುರ್ ನಿಂತಿತು. ಇವಳು ಸ್ವಲ್ಪ ಹೊತ್ತು ನೋಡಿದಳು. "ಅವ್ವಾ," ಅಂದಳು, "ನಾನು ಹಿಂದೆ ಬಂದೆ, ಅದು ಸುಮ್ನಾಯ್ತು. ನನ್ನ ಮಾತು ಅದಕ್ಕೆ ಗೊತ್ತಾಗ್ತದೆ."

ಗೊತ್ತಾದದ್ದು ಅವಳಿಗೆ. ಆದರೆ ನಾನು ತಿದ್ದಲಿಲ್ಲ. ಅಡಿಗೆಮನೆಗೆ ಹೋಗಿ ಸೆರಗು ಬಾಯಿಗೆ ಒತ್ತಿಕೊಂಡು ಅತ್ತುಬಿಟ್ಟೆ. ಮಳೆಗಾಲ ಶುರುವಾಗುವ ಹೊತ್ತಿಗೆ ಅವಳು ಒಬ್ಬಳೇ ಶಾಲೆಗೆ ಹೋಗುತ್ತಿದ್ದಳು. ದಾರಿಯ ನಾಯಿಗಳಲ್ಲಿ ಯಾವುದು ಏನು ಹೇಳುತ್ತದೆ, ಯಾವುದರಿಂದ ಎಷ್ಟು ದೂರ ನಡೆಯಬೇಕು ಅಂತ ಸಂಜೆ ನನಗೆ ವರದಿ. ಬಂಗಡೆ ನಮ್ಮಲ್ಲಿದ್ದಷ್ಟು ವರ್ಷವೂ ಗುರ್ ಅಂದಿತು. ಯಾರೂ ಅದಕ್ಕೆ ಹೊಡೆಯಲಿಲ್ಲ. ಯಾರಿಗೂ ಅದು ಕಡಿಯಲಿಲ್ಲ.

ಸಿಸ್ಟರಕ್ಕ 2008ರಲ್ಲಿ ನಿವೃತ್ತರಾದರು. ಆಗಲೇ ಸಕ್ಕರೆ ಕಾಯಿಲೆ ಕಾಲಿಗೆ ಇಳಿದಿತ್ತು. ನೀವೇ ಯಾಕೆ ಒಂದೂ ನಾಯಿ ಸಾಕಲಿಲ್ಲ ಅಂತ ಒಮ್ಮೆ ಕೇಳಿದ್ದೆ. ಡ್ಯೂಟಿಯವಳ ಮನೆಯಲ್ಲಿ ನಾಯಿಗೆ ಕಾಯುವುದೇ ಕೆಲಸವಾಗುತ್ತದೆ, ಪಾಪ, ಅಂದಿದ್ದರು. ನಿವೃತ್ತಿಯ ಮರುವರ್ಷ ಅವರು ಹೊಟ್ಟೆಗೆ ಇನ್ಸುಲಿನ್ ಸೂಜಿ ಹಾಕಿಸಿಕೊಂಡು ಮಲಗಿದ್ದಾಗ ಕಿನ್ನರಕ್ಕೆ ಹೋಗಿ ನೋಡಿ ಬಂದೆವು. ಮಗಳು ಅವರ ಹಾಸಿಗೆ ಪಕ್ಕ ಕೂತು ಶಾಲೆಯ ಸುದ್ದಿ ಹೇಳಿದಳು. ಹೊರಡುವಾಗ ಅವರು ಅವಳ ಕೆನ್ನೆ ಮುಟ್ಟಲು ಕೈ ಎತ್ತಿ, ಅರ್ಧದಲ್ಲೇ ನಿಲ್ಲಿಸಿ, "ಮುಟ್ಟಬಹುದಾ?" ಅಂತ ಕೇಳಿದರು. ಹನ್ನೆರಡು ವರ್ಷದ ಹುಡುಗಿಯನ್ನು ಯಾರೂ ಹಾಗೆ ಕೇಳುವುದಿಲ್ಲ. ಹದಿನೈದು ದಿನದಲ್ಲಿ ತೀರಿಕೊಂಡರು. ಪೇಪರಿನಲ್ಲಿ ಬರಲಿಲ್ಲ, ಬರುವಂಥ ಜನವೂ ಅವರಲ್ಲ. ಬಸ್ಸಿನಲ್ಲಿ ಅವರ ಹಳೆಯ ಸೀಟಿನಲ್ಲಿ ಯಾರೋ ಕೂತಿದ್ದನ್ನು ನೋಡಿ ನನಗೆ ಆ ಕೂತವರ ಮೇಲೆ ವಿನಾಕಾರಣ ಸಿಟ್ಟು ಬಂತು.

ಅದೇ ತಿಂಗಳು ಅತ್ತಿಗೆಯ ಮಗನ ನಿಶ್ಚಿತಾರ್ಥ. ಮದುವೆ ಮುಂಜಿ ಅಂದರೆ ಹಳೆಯದನ್ನು ಮಡಚಿಡಬೇಕು ಅಂತ ಗಂಡ ಹೇಳಿದರು, ಹೋದೆವು. ಬೊಬ್ರುವಾಡದ ಮನೆ ತುಂಬ ಹೆಣ್ಣಿನ ಕಡೆಯವರು. ಮಗಳು ಲಂಗ ಎತ್ತಿ ಹಿಡಿದು ಎಲೆ ಹಾಕುತ್ತಿದ್ದಳು. ಹೆಣ್ಣಿನ ಚಿಕ್ಕಮ್ಮ ಅವಳ ಮೀನಖಂಡದ ಕಲೆ ನೋಡಿ, ಅಯ್ಯೋ, ಇದೆಂತದು ತಂಗಿ ಅಂದರು.

ಅತ್ತಿಗೆ ನಡುವೆ ಬಂದರು. "ಅದಾ? ಸಣ್ಣವಳಿದ್ದಾಗ ಬೀದಿ ನಾಯಿ ಕಡಿದದ್ದು."

ಮಗಳು ಎಲೆಗಳನ್ನು ಕೆಳಗಿಟ್ಟಳು. ದನಿ ಎತ್ತಲಿಲ್ಲ. "ಇಲ್ಲ ಅತ್ತೆ. ನಿಮ್ಮನೆ ನಾಯಿ. ಆ ಮಂಚದಡಿ."

ಅತ್ತಿಗೆ ಅವಳ ಭುಜಕ್ಕೆ ಕೈ ಹಾಕಿ, ದೊಡ್ಡವರು ಮಾತಾಡುವಾಗ ಸುಮ್ಮನಿರಬೇಕು ಅಂದರು. ಅವಳು ಭುಜ ಹಿಂದೆ ತೆಗೆದುಕೊಂಡು, "ಮುಟ್ಟಬೇಡಿ," ಅಂದಳು. ಹೆಂಗಸರೆಲ್ಲ ನನ್ನ ಕಡೆ ತಿರುಗಿದರು. ಅಕ್ಕೋರಲ್ಲವೇ, ಮಗಳನ್ನು ಗದರುತ್ತಾಳೆ, ಮಾತು ಮುಗಿಯುತ್ತದೆ ಅಂತ. ಗಂಡ ಬಾಗಿಲಲ್ಲಿ ನಿಂತು ಕಣ್ಣಲ್ಲೇ ಬೇಡಿಕೊಳ್ಳುತ್ತಿದ್ದರು.

ನಾನು ಎದ್ದು ಹೋಗಿ ಅವಳ ಪಕ್ಕ ನಿಂತೆ.

"ಹೇಳಲಿ ಬಿಡಿ," ಅಂದೆ. "ಕಡಿದದ್ದು ಅವಳ ಕಾಲಿಗೆ."